ಹೊರಗೆ ಯಾರಿದ್ದಾರೆ?

ನಮ್ಮ ಕಡೆ ಹೊಸಬರನ್ನು ಅಳೆಯಲು ಒಂದೇ ಪ್ರಶ್ನೆ ಸಾಕು: ನಿಮ್ಮ ಮನೆಯಿಂದ ಯಾರಾದರೂ ಹೊರಗಿದ್ದಾರಾ? ಹೊರಗೆ ಎಂದರೆ ಅಂಗಳದಲ್ಲಿ ಅಲ್ಲ, ಗಲ್ಫಿನಲ್ಲಿ. ಹೆಣ್ಣು ನೋಡಲು ಬಂದವರು ಇದನ್ನು ಕೇಳುತ್ತಾರೆ, ಜಾಗ ಮಾರುವವರು ಕೇಳುತ್ತಾರೆ, ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ಪಕ್ಕದಲ್ಲಿ ಕೂತವರೂ ಕೇಳುತ್ತಾರೆ. ಇದ್ದಾರೆ ಎಂದರೆ ಕೇಳಿದವರ ದನಿಯಲ್ಲಿ ಒಂದು ಮರ್ಯಾದೆ ತಾನಾಗಿ ಬರುತ್ತದೆ. ಈ ಪ್ರಶ್ನೆಯಿಂದ ಕಳೆದ ವರ್ಷ ನನ್ನ ತಲೆ ಎಷ್ಟು ಕೆಟ್ಟಿತೆಂದರೆ, ಈಗಲೂ ಯಾರಾದರೂ ಕೇಳಿದರೆ ಉತ್ತರ ಕೊಡದೆ ಮುಖ ತಿರುಗಿಸುತ್ತೇನೆ.

ನನ್ನ ಅಕ್ಕನ ಮನೆ ಮಿಜಾರಿನಲ್ಲಿ. ಭಾವ ಕುವೈತಿನಲ್ಲಿ ದುಡಿದ ಹಣದಲ್ಲಿ ಕಟ್ಟಿಸಿದ ಮನೆ. ಅವರು ಅಲ್ಲಿ ಕಂಪೆನಿಯಲ್ಲಿದ್ದರು ಎಂಬುದು ಊರಿನ ಮಾತು, ಅವರ ಮಾತೂ ಅದೇ. ಯಾವ ಕಂಪೆನಿ, ಎಂತ ಕೆಲಸ ಎಂದು ಅವರು ಹೇಳಿದ್ದನ್ನು ನಾನು ಕೇಳಿಲ್ಲ. ಅವರು ಊರಿಗೆ ಬಂದು ಕೂತ ಮೇಲೆ ಮೇಲಿನ ಮಾಳಿಗೆಯಲ್ಲಿ ಎರಡು ಕೋಣೆ ಮಾಡಿ, ಒಂದೊಂದಕ್ಕೆ ಒಂದು ಪುಟ್ಟ ಅಡುಗೆಮನೆ ಹಚ್ಚಿ, ಕಾಲೇಜಿನ ಹುಡುಗಿಯರಿಗೆ ಬಾಡಿಗೆಗೆ ಕೊಟ್ಟರು. ಕಳೆದ ವರ್ಷ ಒಂದರಲ್ಲಿ ಸೊಮಾಲಿಯದ ಇಬ್ಬರು ಅಕ್ಕತಂಗಿಯರಿದ್ದರು, ಇನ್ನೊಂದರಲ್ಲಿ ಇಥಿಯೋಪಿಯದ ಒಬ್ಬಳು. ಅಕ್ಕನಿಗೆ ಇಂಗ್ಲಿಷ್ ಬಾರದು. ಬೆಳ್ತಂಗಡಿ ತಾಲೂಕಿನ ಸರಕಾರಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ನಾನು ಬಿ.ಸಿ.ರೋಡಿನಲ್ಲಿ ಸುಮ್ಮನೆ ಕೂತಿದ್ದೆನಲ್ಲ, ನೀರು ಬರಲಿಲ್ಲ, ಬಲ್ಬು ಹೋಯಿತು ಎಂಬ ಮಾತಿಗೆಲ್ಲ ನನಗೆ ಕರೆ. ಸಿದ್ಧಕಟ್ಟೆ ಮಾರ್ಗದ ಬಸ್ಸು ಹಿಡಿದು ಮೂಡುಬಿದಿರೆಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಮಿಜಾರಿಗೆ ಬಂದಿಳಿಯುವಷ್ಟರಲ್ಲಿ ಸೊಂಟ ಹಿಡಿದಿರುತ್ತಿತ್ತು.

ಅಕ್ಕ ಈ ಹುಡುಗಿಯರ ಆಸ್ತಿಪಾಸ್ತಿಯನ್ನು ಮೂಗಿನಿಂದಲೇ ಲೆಕ್ಕ ಹಾಕಿದ್ದಳು. ಸೊಮಾಲಿಯವರ ಕೋಣೆಯಿಂದ ಮಾಂಸದ ಅನ್ನದ ಪರಿಮಳ ಇಳಿಯುತ್ತಿತ್ತು. ಆ ಅನ್ನಕ್ಕೆ ಅವರು ಬಾಳೆಹಣ್ಣು ಸೇರಿಸಿ ತಿನ್ನುತ್ತಿದ್ದರು. ಇಥಿಯೋಪಿಯದವಳ ಕೋಣೆಯಿಂದ ಬುಧವಾರ, ಶುಕ್ರವಾರ ಬರೀ ಬೇಳೆಯ ವಾಸನೆ. ಹಾಲು ಬೇಡ, ಮೊಟ್ಟೆ ಬೇಡ. ಪಾಪ, ಮೊಟ್ಟೆಗೂ ಗತಿಯಿಲ್ಲ ಎಂದು ಅಕ್ಕ ಲೊಚಗುಟ್ಟಿದಳು. ಅವಳು ಕ್ರೈಸ್ತಳು, ಅದು ಅವರ ಇಗರ್ಜಿಯ ವ್ರತ ಎಂದು ನಾನು ಎಷ್ಟು ಸಲ ಹೇಳಿದರೂ ಸೋಮವಾರ ಮೀನು ಮುಟ್ಟದ ಅಕ್ಕನ ತಲೆಗೆ ಹೋಗಲಿಲ್ಲ. ನಮ್ಮ ಚಿಕ್ಕಂದಿನಲ್ಲಿ ಪೇಪರಿನಲ್ಲಿ ಬಂದ ಬರಗಾಲದ ಚಿತ್ರಗಳು ಅವಳಿಗೆ ನೆನಪಿದ್ದವು. ಅಲ್ಲಿಂದ ಬಂದವಳು ಬಡವಳಲ್ಲದೆ ಇನ್ನೇನಾಗಿರಲು ಸಾಧ್ಯ? ಇಬ್ಬರಿರಬಹುದಾದ ಕೋಣೆಯನ್ನು ಅವಳೊಬ್ಬಳಿಗೆ ಅರ್ಧ ಬಾಡಿಗೆಗೆ ಕೊಟ್ಟಿದ್ದಳು. ಸೊಮಾಲಿಯವರ ಮಾವ ಅಮೇರಿಕದಲ್ಲಿದ್ದಾನೆ ಎಂದು ತಿಳಿದ ದಿನ ಅವರ ಬಾಡಿಗೆ ಏರಿತು.

ನಾನು ಎರಡೂ ಕೋಣೆಗಳಲ್ಲಿ ಕೂತು ಮಾತಾಡಿದವಳು. ಸೊಮಾಲಿ ಹುಡುಗಿಯರ ಮನೆಯವರು ಯುದ್ಧಕ್ಕೆ ಊರು ಬಿಟ್ಟು ದಿಕ್ಕಿಗೊಬ್ಬರಂತೆ ಚದುರಿದವರು. ತಾಯಿ ನೈರೋಬಿಯಲ್ಲಿ ಸಣ್ಣ ಬಟ್ಟೆಯಂಗಡಿ ಇಟ್ಟಿದ್ದಳು, ಮಾವ ಅಮೇರಿಕದಲ್ಲಿ ಕೋಳಿ ಕತ್ತರಿಸುವ ಕಾರ್ಖಾನೆಯಲ್ಲಿದ್ದ, ಚಿಕ್ಕಮ್ಮ ಇಂಗ್ಲೆಂಡಿನಲ್ಲಿ ಮುದುಕರನ್ನು ನೋಡಿಕೊಳ್ಳುತ್ತಿದ್ದಳು. ನಿರಾಶ್ರಿತರೆಂದು ಹೋಗಿ ನೆಲೆ ನಿಂತದ್ದರಿಂದ ಅಲ್ಲಿನ ಕಾಗದಪತ್ರ ಅವರವರ ಕೈಯಲ್ಲಿಯೇ ಇತ್ತು. ಒಂದು ಕೆಲಸ ಬೇಡವಾದರೆ ಬಿಟ್ಟು ಇನ್ನೊಂದಕ್ಕೆ ಹೋಗಬಹುದಿತ್ತು. ಒಬ್ಬರಿಗೆ ಆಗದಿದ್ದರೆ ಇನ್ನೊಬ್ಬರು ಕಳಿಸುತ್ತಿದ್ದರು, ಬೆಳಿಗ್ಗೆ ಕೇಳಿದರೆ ಸಂಜೆಗೆ ಹಣ ಬರುತ್ತಿತ್ತು. ಆದರೆ ಆ ಮಾವನ ಸಂಬಳವನ್ನು ಕಾಯುವ ಹೊಟ್ಟೆಗಳು ಮೂರು ದೇಶಗಳಲ್ಲಿದ್ದವು. ನಮ್ಮದು ಅಂತ ಹೇಳಲಿಕ್ಕೆ ಊರಿನಲ್ಲಿ ಒಂದು ಗೋಡೆಯೂ ಉಳಿದಿಲ್ಲ, ನಿಮ್ಮ ಅಕ್ಕನಿಗೆ ನಾವು ಶ್ರೀಮಂತರಾಗಿ ಕಾಣುವುದು ಹೇಗೆ ಎಂದು ದೊಡ್ಡವಳು ನನ್ನನ್ನು ಸಿಟ್ಟಿನಿಂದಲೇ ಕೇಳಿದ್ದಳು.

ಇಥಿಯೋಪಿಯದವಳದ್ದು ಇದಕ್ಕೆ ತಿರುಗಾಮುರುಗಾ. ಅವಳ ಅಪ್ಪ ನನ್ನ ಹಾಗೆಯೇ ಶಾಲೆಯ ಮೇಷ್ಟ್ರು. ಸ್ವಂತ ಮನೆ, ಹೊಲ, ಕರೆಯುವ ಹಸು, ಊರಿನಲ್ಲಿ ಗೌರವ ಎಲ್ಲ ಇತ್ತು. ಆದರೆ ಆ ದೇಶದ ಹಣಕ್ಕೆ ಬೆಲೆ ಇಳಿದು, ಬ್ಯಾಂಕಿನಲ್ಲಿ ಡಾಲರ್ ಸಿಗುವುದೇ ಕಷ್ಟವಾಗಿ, ಅಪ್ಪನ ಸಂಬಳ ಊರಿನ ಗಡಿ ದಾಟುತ್ತಿರಲಿಲ್ಲ. ದಾಟುತ್ತಿದ್ದದ್ದು ಅವಳ ಅಕ್ಕನ ಸಂಬಳ ಮಾತ್ರ. ಆ ಅಕ್ಕ ಸೌದಿಯ ದಮ್ಮಾಮಿನಲ್ಲಿ ಒಂದು ಮನೆಯಲ್ಲಿ ಕೆಲಸಕ್ಕಿದ್ದಳು. ಒಬ್ಬಳೇ ಹೋದವಳು, ಪಾಸ್‌ಪೋರ್ಟ್ ಯಜಮಾನನ ಕಪಾಟಿನಲ್ಲಿ, ಸಂಬಳ ಅವರಿಗೆ ಮನಸ್ಸು ಬಂದಾಗ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಗದ್ದೆ ಇದ್ದೂ ಕೈಯಲ್ಲಿ ಕಾಸಿಲ್ಲದ ಮನೆ ಒಂದು. ಬಾಡಿಗೆ ಮನೆಯಲ್ಲಿದ್ದು ನಾಲ್ಕು ಕಡೆಯಿಂದ ಹಣ ತರಿಸುವ ಮನೆ ಇನ್ನೊಂದು. ಇವರಲ್ಲಿ ಬಡವರು ಯಾರು ಎಂದು ಕೇಳಿದರೆ ನನಗಂತೂ ಹೇಳಲು ಬಾರದು. ಅಕ್ಕನಿಗೆ ಅರ್ಧ ನಿಮಿಷ ಸಾಕಾಯಿತು.

ಮಳೆಗಾಲ ಮುಗಿಯುತ್ತಿದ್ದ ಹೊತ್ತು. ಇಥಿಯೋಪಿಯದ ಹುಡುಗಿಗೆ ಲ್ಯಾಬ್ ಕೋರ್ಸಿನ ಕೊನೆಯ ವರ್ಷ, ಪರೀಕ್ಷೆಗೆ ಕೆಲವೇ ತಿಂಗಳಿತ್ತು. ಬಾಡಿಗೆ ಈ ಸಲ ತಡವಾಗುತ್ತದೆ, ಗಲ್ಫಿನಲ್ಲಿರುವ ಅಕ್ಕನಿಂದ ಹಣ ಬಂದಿಲ್ಲ ಎಂದು ಅವಳು ಹೇಳಿದಳು, ನಾನು ಇದ್ದದ್ದನ್ನು ಇದ್ದ ಹಾಗೆ ತುಳುವಿನಲ್ಲಿ ಅಕ್ಕನಿಗೆ ಹೇಳಿದೆ. ಹಣ ಬಂದಿಲ್ಲ ಎಂಬುದು ಅಕ್ಕನ ಕಿವಿಗೆ ಬೀಳಲಿಲ್ಲ. ಗಲ್ಫ್ ಎಂಬುದು ಮಾತ್ರ ಬಿತ್ತು.

“ಗಲ್ಫಿನಲ್ಲಿ ಅಕ್ಕ ಇರುವಾಗ ಇವಳಿಗೆ ಎಂತ ಕಷ್ಟ?” ಎಂದಳು. “ಇಷ್ಟು ಸಮಯ ನನ್ನನ್ನು ಮಂಗ ಮಾಡಿದ್ದಾಳೆ ನೋಡು ಮಾರಾಯ್ತಿ.”

ಮುಂದಿನ ತಿಂಗಳಿನಿಂದ ಇಡೀ ಕೋಣೆಯ ಬಾಡಿಗೆ ಕೊಡಬೇಕು, ಇಲ್ಲದಿದ್ದರೆ ಖಾಲಿ ಮಾಡಬೇಕು ಎಂದು ತೀರ್ಪಾಯಿತು. ನನಗೆ ಮೈಯೆಲ್ಲ ಉರಿಯಿತು. ಅವಳ ಅಕ್ಕ ಪಾತ್ರೆ ತೊಳೆಯುವವಳು ಎಂದೆ. ಗಲ್ಫಿನಲ್ಲಿ ಪಾತ್ರೆ ತೊಳೆದರೂ ಇಲ್ಲಿನ ಮೇಷ್ಟ್ರಿಗಿಂತ ಹೆಚ್ಚು ಸಿಗ್ತದೆ ಎಂದು ನನ್ನ ಪಿಂಚಣಿಗೇ ಚುಚ್ಚಿದಳು. ಕಡಿಮೆ ಬಿದ್ದದ್ದನ್ನು ನಾನು ಕೊಡ್ತೇನೆ ಎಂದರೆ, ನನ್ನ ಮನೆಯಲ್ಲಿ ನಿನ್ನ ದೊಡ್ಡಸ್ತಿಕೆ ಬೇಡ ಎಂದಳು. ಆ ಹುಡುಗಿಯೂ ನನ್ನ ಹಣ ಬೇಡವೆಂದಳು. ತನಗಾಗಿ ಒಬ್ಬಳು ಸವೆಯುತ್ತಿರುವುದೇ ಸಾಕು, ಇನ್ನೊಬ್ಬರದ್ದನ್ನು ಹೊರಲಾರೆ ಎಂದಳು. ಸೊಮಾಲಿಯವರು ಅವಳನ್ನು ತಮ್ಮ ಕೋಣೆಗೆ ಕರೆದರೆ, ಕೋಣೆಗೆ ಇಬ್ಬರೇ, ಬಾವಿಯಲ್ಲಿ ನೀರಿಲ್ಲ ಎಂದು ಅಕ್ಕ ಅಡ್ಡ ಬಂದಳು. ಮಳೆಗಾಲದಲ್ಲಿ ತುಂಬಿ ತುಳುಕುವ ಬಾವಿಯ ಮುಂದೆಯೇ ನಿಂತು ಹೇಳಿದ್ದು ಇದು.

ಇಷ್ಟೆಲ್ಲ ನಡೆಯುವಾಗ ಭಾವ ಚಾವಡಿಯಲ್ಲಿ ಕೂತು ಪೇಪರು ಓದುತ್ತಿದ್ದರು. ಗಲ್ಫಿನ ಮನೆಗೆಲಸ ಎಂದರೆ ಹೇಗಿರುತ್ತದೆ ಎಂದು ಆ ಮನೆಯಲ್ಲಿ ಯಾರಾದರೂ ಹೇಳಬಹುದಾಗಿದ್ದರೆ ಅದು ಅವರೇ. ಅಷ್ಟು ಕಾಲ ಅಲ್ಲಿದ್ದವರಿಗೆ ಒಂದಾದರೂ ಕಣ್ಣಿಗೆ ಬಿದ್ದಿರದೇ? ನೀವಾದರೂ ಅಕ್ಕನಿಗೆ ಹೇಳಿ ಭಾವ ಎಂದು ನಾನು ಬೇಡಿಕೊಂಡೆ. ಕಂಪೆನಿಯಲ್ಲಿದ್ದವರಿಗೆ ಮನೆಗಳ ವಿಷಯ ಎಂತ ಗೊತ್ತು ಎಂದು ಅವರು ಪೇಪರು ಮಗುಚಿದರು.

ಕೊನೆಗೆ ದಮ್ಮಾಮಿನವಳೇ ಮಾತಾಡುತ್ತಾಳೆ ಎಂದಾಯಿತು. ಶುಕ್ರವಾರ ಆ ಮನೆಯವರು ನಮಾಜಿಗೆ ಹೋದಾಗ ಅವಳಿಗೆ ಸ್ವಲ್ಪ ಹೊತ್ತು ಫೋನು ಸಿಗುತ್ತಿತ್ತಂತೆ. ಅವಳಿಗೆ ಇಂಗ್ಲಿಷ್ ಬಾರದು, ಅವರ ಭಾಷೆ ಬಿಟ್ಟರೆ ಅರಬಿ ಮಾತ್ರ. ತಂಗಿಗೆ ಅರಬಿ ಬಾರದು, ಅವಳು ಅವರ ಭಾಷೆಯಿಂದ ತಿಳಿಸಿದರೆ ಅಕ್ಕ ನಂಬುವವಳಲ್ಲ. ಹಾಗಾಗಿ ಭಾವನೇ ನಡುವೆ ಕೂರಬೇಕಾಯಿತು. ನನಗೆ ಒಳಗೊಳಗೇ ಸಂತೋಷ. ಇನ್ನು ಪೇಪರಿನ ಹಿಂದೆ ಅಡಗುವ ಹಾಗಿಲ್ಲವಲ್ಲ.

ಊಟವಾದ ಮೇಲೆ ಎಲ್ಲರೂ ಚಾವಡಿಯಲ್ಲಿ ಕೂತೆವು. ಸೊಮಾಲಿಯವರಲ್ಲಿ ದೊಡ್ಡವಳು ಹೊರಗೆ ಜಗಲಿಯಲ್ಲಿ ಬಟ್ಟೆ ಹರವುತ್ತಿದ್ದಳು. ಫೋನಿನಲ್ಲಿ ಮುಖ ಬರಲಿಲ್ಲ, ದನಿ ಮಾತ್ರ ಬಂತು. ದಣಿದ ದನಿ, ಆದರೆ ಅಳುವ ದನಿಯಲ್ಲ. ಭಾವ ಅರಬಿಯಲ್ಲಿ ಸರಾಗವಾಗಿ ಮಾತಾಡಿದರು. ಅವರಿಗೆ ಇಷ್ಟು ಬರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅವಳು ಸಾಕಷ್ಟು ಹೊತ್ತು ಹೇಳಿದಳು. ನಡುವೆ ಏನೋ ಒಂದು ಕೇಳಿದಳು. ಭಾವ ತಟ್ಟನೆ ಸುಮ್ಮನಾದರು. ಅವಳು ಅದನ್ನೇ ಮತ್ತೊಮ್ಮೆ, ಇನ್ನೂ ಮೆತ್ತಗೆ ಕೇಳಿದ ಹಾಗಿತ್ತು. ಭಾವ ಇನ್ಶಾ ಅಲ್ಲಾ, ಇನ್ಶಾ ಅಲ್ಲಾ ಎಂದು ಎರಡು ಸಲ ಹೇಳಿ ಫೋನನ್ನು ಹುಡುಗಿಯ ಕೈಗೆ ಕೊಟ್ಟರು. ಅಷ್ಟರಲ್ಲಿ ಕರೆ ಕಡಿದಿತ್ತು.

“ಎಂತ ಹೇಳಿದಳು?” ಎಂದು ಅಕ್ಕ ಕೇಳಿದಳು.

“ಕೊಡ್ತಾಳಂತೆ. ಸ್ವಲ್ಪ ಸಮಯ ಬೇಕಂತೆ,” ಎಂದರು ಭಾವ. ಎದ್ದು ಒಳಗೆ ಹೋದರು.

ನೋಡಿದೆಯಾ ಎಂಬ ಹಾಗೆ ಅಕ್ಕ ನನ್ನ ಕಡೆ ನೋಡಿದಳು. ಆ ಹುಡುಗಿ ಭಾವ ಹೋದ ಬಾಗಿಲನ್ನೇ ನೋಡುತ್ತಿದ್ದಳು. ಅಷ್ಟುದ್ದ ಮಾತಿಗೆ ಇಷ್ಟೇ ಅರ್ಥವೇ ಎಂದು ನನ್ನನ್ನು ಕೇಳಿದಳು.

ಸಂಜೆ ನಾನು ಬಸ್ಸಿಗೆ ನಿಂತಿದ್ದಾಗ ಸೊಮಾಲಿ ಹುಡುಗಿ ಹಿಂದಿನಿಂದ ಓಡಿಬಂದಳು. ಅವಳು ಅರಬಿಯನ್ನು ಶಾಲೆಯಲ್ಲಿ ಕಲಿತವಳು, ಜಗಲಿಯಲ್ಲಿ ಎಲ್ಲವೂ ಕೇಳಿತ್ತು. ದಮ್ಮಾಮಿನವಳು ಕೊಡುತ್ತೇನೆ ಎಂದು ಹೇಳಿರಲೇ ಇಲ್ಲ. ಸಂಬಳ ಸಿಗದೆ ತಿಂಗಳುಗಳಾದವು, ಕೇಳಿದರೆ ಊಟ ತಪ್ಪುತ್ತದೆ, ತಂಗಿಯ ಪರೀಕ್ಷೆ ಮುಗಿಯುವ ತನಕ ಹಳೆಯ ಬಾಡಿಗೆಗೇ ಇಟ್ಟುಕೊಳ್ಳಿ ಎಂದಿದ್ದಳು. ಭಾವ ತಾನು ಕಂಪೆನಿಯಲ್ಲಿದ್ದೆ ಎಂದದ್ದಕ್ಕೆ ಅವಳು ಕೇಳಿದ ಪ್ರಶ್ನೆ ಇದು: ಅಣ್ಣಾ, ಕಂಪೆನಿಯಲ್ಲಿದ್ದ ಇಂಡಿಯದವರಿಗೆ ಇಂಥ ಅರಬಿ ಬರುವುದಿಲ್ಲ, ಇದು ಮನೆಗಳಲ್ಲಿ ಇದ್ದವರ ಅರಬಿ. ನೀವು ಯಾರ ಮನೆಯಲ್ಲಿ ಡ್ರೈವರ್ ಆಗಿದ್ದಿರಿ? ಹಾಗಾದರೆ ಅಡುಗೆಮನೆಯಲ್ಲಿ ನಮ್ಮನ್ನು ನೋಡಿದ್ದೀರಿ. ನೋಡಿದ್ದನ್ನು ನಿಮ್ಮ ಹೆಂಡತಿಗೆ ಹೇಳಿ.

ಬಸ್ಸು ಬಂತು, ನಾನು ಹತ್ತಲಿಲ್ಲ. ಆದರೆ ತಿರುಗಿ ಮನೆಗೂ ಹೋಗಲಿಲ್ಲ, ಮುಂದಿನ ಬಸ್ಸಿಗೆ ಹೊರಟೆ. ಮಾಳಿಗೆ ಮನೆ ಕಟ್ಟಿಸಿ ಕಂಪೆನಿಯವರು ಎನಿಸಿಕೊಂಡ ಗಂಡಸಿನ ಬಣ್ಣವನ್ನು ಅವನ ಹೆಂಡತಿಯ ಮುಂದೆ ಬಯಲು ಮಾಡುವುದು ಸಣ್ಣ ಮಾತಲ್ಲ. ಭಾವನಿಂದಲೇ ಒಮ್ಮೆ ಹೇಳಿಸುವ ಎಂದುಕೊಂಡೆ. ಮರುದಿನ ಫೋನು ಮಾಡಿದರೆ ಅವರು ಎತ್ತಲಿಲ್ಲ, ಅದರ ಮರುದಿನವೂ ಎತ್ತಲಿಲ್ಲ. ಆ ತಿಂಗಳು ಹಾಗೆಯೇ ಜಾರಿತು. ದಮ್ಮಾಮಿನಿಂದ ಹಣ ಬರಲಿಲ್ಲ, ಬರುವುದಿಲ್ಲ ಎಂದು ಗೊತ್ತಿದ್ದವರು ಬಾಯಿ ಬಿಡಲಿಲ್ಲ. ಕೊಡ್ತೇನೆ ಎಂದು ಹೇಳಿ ಕೊಡದವಳ ತಂಗಿ ಎಂಬ ಹೊಸ ಹೆಸರಿನೊಂದಿಗೆ ಆ ಹುಡುಗಿ ಗಂಟುಮೂಟೆ ಕಟ್ಟಿದಳು. ಮೂಡುಬಿದಿರೆಯ ಆಚೆ ಆರು ಮಂದಿ ಒಟ್ಟಿಗೆ ಮಲಗುವ ಒಂದು ಕೋಣೆ ಸಿಕ್ಕಿತು. ಓದಲು ಮೇಜು ಇರಲಿಲ್ಲ. ಪರೀಕ್ಷೆಯಲ್ಲಿ ಎರಡು ವಿಷಯ ಹೋಯಿತೆಂದು ಆಮೇಲೆ ಸೊಮಾಲಿ ಹುಡುಗಿ ಹೇಳಿದಳು.

ಅದನ್ನು ಕೇಳಿದ ದಿನ ನನಗೆ ತಡೆಯಲಾಗಲಿಲ್ಲ. ನೇರ ಅಕ್ಕನ ಮನೆಗೆ ಹೋದೆ. ಅವಳು ಅಡುಗೆಮನೆಯಲ್ಲಿ ಬಂಗುಡೆ ಕೊಯ್ಯುತ್ತಿದ್ದಳು. ಭಾವ ಅವತ್ತು ಫೋನಿನಲ್ಲಿ ಕೇಳಿದ್ದೊಂದು, ನಿನಗೆ ಹೇಳಿದ್ದೊಂದು ಎಂದು ಶುರುಮಾಡಿದವಳು ಎಲ್ಲವನ್ನೂ ಹೇಳಿಬಿಟ್ಟೆ. ಡ್ರೈವರ್ ಎಂಬ ಮಾತನ್ನೂ ನುಂಗಲಿಲ್ಲ. ಅಕ್ಕ ಕೂಗಾಡುತ್ತಾಳೆ, ಇಲ್ಲವೇ ಅಳುತ್ತಾಳೆ ಎಂದು ಕಾದೆ. ಅವಳು ಮೀನಿನ ತಲೆ ತೆಗೆದು ಬದಿಗಿಟ್ಟಳು.

“ಅವರು ಡ್ರೈವರ್ ಅಂತ ನನಗೆ ಅವರು ಹೋದ ಮಾರನೇ ವರ್ಷವೇ ಗೊತ್ತಾಗಿದೆ,” ಎಂದಳು. “ಮಾಣಿ ಊರಿನವರೊಬ್ಬರು ಅಲ್ಲಿಂದ ಬಂದವರು ಹೇಳಿದ್ದರು. ಎರಡು ದಿನ ಕಾರಿನಲ್ಲೇ ಮಲಗಿಸಿದ್ದರಂತೆ ಇವರನ್ನು, ಎಂತದೋ ತಪ್ಪಿಗೆ.”

ಅಕ್ಕನಿಗೆ ಗೊತ್ತೇ ಇದ್ದ ಗುಟ್ಟನ್ನು ಅವಳಿಂದ ಕಾಯಲು ಆ ಹುಡುಗಿಯ ಒಂದು ವರ್ಷ ಹಾಳಾಯಿತೇ? ಗೊತ್ತಿದ್ದೂ ಅವಳನ್ನು ಕಳಿಸಿದೆಯಾ, ಗೊತ್ತಿದ್ದೂ ಇಷ್ಟು ವರ್ಷ ಸುಮ್ಮನಿದ್ದೆಯಾ ಎಂದು ಕೇಳಿದೆ. ನನ್ನ ದನಿ ಏರಿತ್ತು.

“ಅಲ್ಲಿ ಹೇಗಿದ್ದೀರಿ ಅಂತ ನಾನು ಇವರನ್ನು ಒಮ್ಮೆಯೂ ಕೇಳಲಿಲ್ಲ,” ಎಂದಳು ಅಕ್ಕ. “ಕೇಳಿದ್ದರೆ ಬನ್ನಿ ಅಂತ ಹೇಳಬೇಕಾಗ್ತಿತ್ತು. ಬನ್ನಿ ಅಂದಿದ್ದರೆ ಈ ಮನೆ ಆಗ್ತಿತ್ತಾ? ಆ ಹುಡುಗಿ ಕೂಡ ಅವಳ ಅಕ್ಕನನ್ನು ಹಾಗೆ ಕೇಳದೆ ಇರಬೇಕಿತ್ತು.”

ಭಾವ ಯಾವಾಗ ಬಂದು ಬಾಗಿಲಲ್ಲಿ ನಿಂತಿದ್ದರೋ ನಮಗಿಬ್ಬರಿಗೂ ತಿಳಿಯಲಿಲ್ಲ. ಕೈಯಲ್ಲಿ ಕಾಫಿಯ ಖಾಲಿ ಲೋಟ ಇತ್ತು. ಅವರು ನನ್ನ ಕಡೆ ನೋಡಲಿಲ್ಲ.

“ಒಂದು ಸಲ ಕೇಳಬಹುದಿತ್ತು ನೀನು,” ಎಂದರು ಅಕ್ಕನಿಗೆ.

ಅಕ್ಕ ತಿರುಗಲಿಲ್ಲ. ನಳ್ಳಿಯ ನೀರು ಬಿಟ್ಟು ಮೀನು ತೊಳೆಯತೊಡಗಿದಳು.