ಬುಟ್ಟಿ ಅಕ್ಕನ ‘ಯಾವಾಗ?’

ಮಾಗಿಯ ಚಳಿ ಮುಗಿಯುತ್ತ ಬಂದು ಹಿತ್ತಲ ಬೋಳು ಮರದಲ್ಲಿ ಮೊದಲ ಚಿಗುರು ಇಣುಕಿದರೂ ಬುಟ್ಟಿ ಅಕ್ಕ ಮಾತ್ರ ಬಾಗಿಲ ಬಳಿಯ ಮಣೆ ಬಿಟ್ಟು ಏಳುವವಳಲ್ಲ. ತಣ್ಣೀರಲ್ಲಿ ನೆನೆದ ಬೆತ್ತ ಹೆಣೆದು ಹೆಣೆದು ಬೆರಳು ಮರಗಟ್ಟಿದರೆ, ಪಕ್ಕದಲ್ಲಿ ಮುದುರಿ ಮಲಗಿದ ಬೆಕ್ಕಿನ ಹೊಟ್ಟೆಯಡಿ ಕೈ ತೂರಿಸಿ ಬೆಚ್ಚಗೆ ಮಾಡಿಕೊಳ್ಳುತ್ತಾಳೆ. ಅವಳ ಬುಟ್ಟಿಯಲ್ಲಿ ನೀರು ಹೊತ್ತು ತಂದರೂ ಹನಿ ಸೋರದು ಎನ್ನುತ್ತದೆ ಊರು. ಅವಳ ಬಾಯಿಗೆ ಸಿಕ್ಕವರಿಗೆ ಬಿಡುಗಡೆ ಇಲ್ಲ ಎಂದೂ ಅನ್ನುತ್ತದೆ. ಬುಟ್ಟಿ ಕೊಂಡವರು ಎದ್ದು, ಎಲ್ಲರೂ ಹೇಳುವ ಹಾಗೆ, “ಬರ್ತೀನಿ ಅಕ್ಕ” ಎಂದರೆ ಸಾಕು, “ಯಾವಾಗ?” ಎಂದು ಹಿಡಿದು ನಿಲ್ಲಿಸುತ್ತಾಳೆ. “ಅಯ್ಯೋ, ಹೊರಟೆ ಅಂತ ಹೇಳಿದ್ದು ಅಕ್ಕ!” “ಹಾಗಾದ್ರೆ ಹೊರಟೆ ಅನ್ನು. ಬರ್ತೀನಿ ಅಂದ್ಮೇಲೆ ಬರಬೇಕು ತಾನೇ?” ಅವರು ನಗುತ್ತ, ಬುಧವಾರವೆಂದೋ ಶುಕ್ರವಾರವೆಂದೋ ಬಾಯಿಗೆ ಬಂದ ದಿನ ಹೇಳಿ ಪಾರಾಗುತ್ತಾರೆ. ಆ ಬುಧವಾರ ಅವಳು ಇನ್ನೊಂದು ಮಣೆಯನ್ನೂ ಒರೆಸಿ ಎದುರಿಗಿಟ್ಟು, ದಾರಿಗೆ ಮುಖ ಮಾಡಿ ಹೆಣೆಯುತ್ತಾಳೆ. ಹೊತ್ತು ಇಳಿದ ಮೇಲೆ ಬಂದು ಆ ಮಣೆಯ ಮೇಲೆ ಕೂರುವುದು, ಬೆಳಗ್ಗೆ ಹೇಳದೆ ಕೇಳದೆ ಎದ್ದು ಹೋಗಿದ್ದ ಬೆಕ್ಕು. ಅದು ಒಂದು ದಿನವೂ ‘ಬರ್ತೀನಿ’ ಅಂದದ್ದಿಲ್ಲ.