ಸತು ತಿಕ್ಕುತ್ತಿದ್ದ ಅಕ್ಕ

ಕಲಬುರಗಿಯ ನಮ್ಮ ಕಾಲೇಜಿನ ರಸಾಯನಶಾಸ್ತ್ರ ಲ್ಯಾಬಿನ ಅಟೆಂಡರ್ ನಮಗೆಲ್ಲ ಅಕ್ಕ. ಕಮಲಾಪುರದ ಬಸ್ಸಿಳಿದು ಬಂದವರೇ ಸತುವಿನ ಪಟ್ಟಿಗಳನ್ನು ಪಾಲಿಶ್ ಪೇಪರಿನಿಂದ ತಿಕ್ಕಲು ಕೂಡುತ್ತಿದ್ದರು. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು, “ತಾ ಕರಗ್ತದ, ತಾಮ್ರ ಬೆಳಸ್ತದ ನೋಡ್ರಿ” ಎನ್ನುವುದು ಅವರ ರೂಢಿ.

ಮಾತು ನಿಜ. ಒಂದು ಗ್ಲಾಸಿನಲ್ಲಿ ಸತು ಕರಗುತ್ತ ಬಿಟ್ಟುಕೊಡುವ ಎಲೆಕ್ಟ್ರಾನುಗಳು ತಂತಿಯಲ್ಲಿ ಹರಿಯುತ್ತವೆ; ಇನ್ನೊಂದು ಗ್ಲಾಸಿನ ನೀಲಿ ದ್ರಾವಣದ ತಾಮ್ರ ಅವನ್ನು ಪಡೆದು ಅಲ್ಲಿನ ತಾಮ್ರದ ಪಟ್ಟಿಗೆ ಮೆತ್ತಿಕೊಳ್ಳುತ್ತದೆ. ಆ ಹರಿವೇ ಕರೆಂಟು. ಆದರೆ ಎರಡು ಗ್ಲಾಸುಗಳ ನಡುವೆ ಉಪ್ಪುನೀರಲ್ಲಿ ನೆನೆಸಿದ ಕಾಗದದ ಸೇತುವೆ ಇರಲೇಬೇಕು; ಅದಿಲ್ಲದೆ ಕರೆಂಟು ಹರಿಯದು.

ಪ್ರಾಕ್ಟಿಕಲ್ ಪರೀಕ್ಷೆಯ ದಿನ ನನ್ನ ಮೀಟರಿನ ಮುಳ್ಳು ಅಲುಗಲಿಲ್ಲ.

“ಯಾಕ ಏಳವಲ್ದು?” ಎಂದರು ಹೊರಗಿನಿಂದ ಬಂದ ಪರೀಕ್ಷಕರು.

“ಪಟ್ಟಿ ಹೊಲಸ ಅದರೀ ಸರ್” ಎಂದುಬಿಟ್ಟೆ.

ಅಕ್ಕ ಹತ್ತಿರ ಬಂದರು. ನಾನು ಇಡಲು ಮರೆತಿದ್ದ ಸೇತುವೆಯ ಕಾಗದ ಮೇಜಿನ ಮೇಲೇ ಇತ್ತು. ಅವರು ಅದನ್ನು ನೋಡಿದರು, ಆಮೇಲೆ ನನ್ನನ್ನು.

“ಹೌದ್ರೀ ಸರ್, ಇವತ್ತ ನಾ ತಿಕ್ಕಿದ್ದಿಲ್ರೀ.”

ಪರೀಕ್ಷಕರು ಅವರನ್ನು ಗದರುತ್ತಿರುವಾಗಲೇ ನಾನು ಕಾಗದ ಇಟ್ಟೆ. ಮುಳ್ಳು ಎದ್ದಿತು. ತಲೆ ತಗ್ಗಿಸಿ ನಿಂತಿದ್ದ ಅಕ್ಕನ ಬೆರಳುಗಳಿಗೆ, ಬೆಳಿಗ್ಗೆ ತಿಕ್ಕಿದ ಸತುವಿನ ಬೂದು ಪುಡಿ ಇನ್ನೂ ಅಂಟಿಕೊಂಡಿತ್ತು.