ಗೌರಮ್ಮನ ತಲೆಗೆ ಕಟ್ಟಿದ ಪೈ

ದೊಡ್ಡಪ್ಪನಿಗೆ ಬ್ರಾಂದಿ ತಿನ್ನಿಸಿದವನು ನಾನು. ನನ್ನ ಹೆಂಡತಿ ಗೌರಮ್ಮ ಅಲ್ಲ. ಆ ಪೈಗೆ ಹಿಟ್ಟು ಕಲಸಿದ್ದು ನಾನು, ಬೇಯಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನೇ.

ಪೈ ಮಾಡಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ — ಇದನ್ನು ಮೊದಲೇ ಹೇಳಿಬಿಡುತ್ತೇನೆ. ಐವತ್ತರ ದಶಕದ ಆರಂಭದಲ್ಲಿ, ಮದುವೆಗೆ ಮುಂಚೆ, ಗೂಡಲೂರಿನ ಕಡೆಯ ಟೀ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೆ. ತೋಟದ ಇಂಗ್ಲಿಷ್ ದೊರೆಯ ಬಂಗಲೆಯಲ್ಲಿ ಅಡುಗೆ ನೋಡಿಕೊಳ್ಳುತ್ತಿದ್ದ ಬಟ್ಲರ್ ಅಂತೋಣಿ ಡಿಸೆಂಬರ್ ಬಂತೆಂದರೆ ಒಣಹಣ್ಣಿನ ಪೈ ಮಾಡುತ್ತಿದ್ದ. ಒಣದ್ರಾಕ್ಷಿ, ಖರ್ಜೂರ, ಅಂಜೂರ, ಕಿತ್ತಳೆ ಸಿಪ್ಪೆ ಎಲ್ಲವನ್ನೂ ಸಣ್ಣಗೆ ಹೆಚ್ಚಿ, ಸಕ್ಕರೆ, ಲವಂಗ, ಜಾಯಿಕಾಯಿ ಬೆರೆಸಿ, ಬ್ರಾಂದಿಯಲ್ಲಿ ವಾರಗಟ್ಟಲೆ ನೆನೆಹಾಕುವುದು. ಆಮೇಲೆ ಬೆಣ್ಣೆ ಬೆರೆಸಿದ ಹಿಟ್ಟಿನ ಎರಡು ಹಾಳೆಗಳ ನಡುವೆ ತುಂಬಿ ಬೇಯಿಸುವುದು. ಅವನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕಲಿತೆ. ನನಗೆ ಅಷ್ಟು ಸಂತೋಷ ಕೊಟ್ಟ ಕೆಲಸ ಇನ್ನೊಂದಿಲ್ಲ.

ಗುಂಡ್ಲುಪೇಟೆಗೆ ಬಂದು ಕಾಳಿನಂಗಡಿ ಇಟ್ಟೆ. ಉಮ್ಮತ್ತೂರಿನ ಗೌರಮ್ಮನನ್ನು ಮದುವೆಯಾದೆ. ಆ ವರ್ಷ ಡಿಸೆಂಬರಿನಲ್ಲಿ ಮನಸ್ಸು ತಡೆಯಲಿಲ್ಲ. ಅಂತೋಣಿ ಕೊಟ್ಟಿದ್ದ ಬ್ರಾಂದಿಯಲ್ಲಿ ಹಣ್ಣು ಮೊದಲೇ ನೆನೆಹಾಕಿದ್ದೆ. ಅಗಲವಾದ ಹಿತ್ತಾಳೆ ಪಾತ್ರೆಗೆ ಮರಳು ಹಾಸಿ, ಅದರೊಳಗೆ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರಡಿದೆ. ಗೌರಮ್ಮ ಬೀದಿ ಬಾಗಿಲು ಹಾಕಿಕೊಂಡು ಬಂದು ನಕ್ಕಳು. “ಗಂಡ್ಸು ಕೈಲಿ ಇಟ್ಟು ಕಲ್ಸೋದ ಇವತ್ತೇ ಕಂಡಿದ್ದು ಕಣಿ. ಯಾರ್ಗೂ ಯೋಳಕಿಲ್ಲ, ಮಾಡಿ.” ಬ್ರಾಂದಿಯ ವಾಸನೆಗೆ ಮೂಗು ಮುರಿದಳು. ಒಂದು ಚೂರೂ ಬಾಯಿಗೆ ಹಾಕಲಿಲ್ಲ.

ಪೈ ಇಳಿಸಿ ಆರುವುದಕ್ಕೆ ಇಟ್ಟಿದ್ದೆವು, ಅಷ್ಟರಲ್ಲಿ ಊರಿನಿಂದ ದೊಡ್ಡಪ್ಪ, ದೊಡ್ಡವ್ವ ಬಂದರು. ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವರು. ದೊಡ್ಡಪ್ಪ ಲಿಂಗಪೂಜೆ ಆಗದೆ ಒಂದು ಗುಟುಕು ನೀರೂ ಕುಡಿಯದ ಮನುಷ್ಯ — ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ “ದೊಡ್ಡಪ್ಪನಿಗೆ ಒಂದು ಚೂರು ಕೊಡು” ಅಂದೆ. ಗೌರಮ್ಮ ಕಣ್ಣಲ್ಲೇ ಬೇಡ ಅಂದಳು. ಮತ್ತೆ ಹೇಳಿದೆ. ಯಾಕೆ? ಹೊಗಳಿಕೆ ಬೇಕಿತ್ತು. ನನ್ನ ಕೈಯದು ಅಂತ ಹೇಳುವ ಧೈರ್ಯವಿಲ್ಲದೆ, ಹೊಗಳಿಕೆ ಮಾತ್ರ —

“ಏನವ್ವ ಇದು? ಬೋ ಸಂದಾಗದೆ,” ಎಂದು ದೊಡ್ಡಪ್ಪ ಇನ್ನೊಂದು ಚೂರು ಹಾಕಿಸಿಕೊಂಡರು. ನನಗೆ ಎದೆ ಉಬ್ಬಿತು. ಅಷ್ಟರಲ್ಲಿ ನೀರಿಗೆ ಅಂತ ಅಡುಗೆಮನೆಗೆ ಹೋದ ದೊಡ್ಡವ್ವ, ಅಂತೋಣಿಯ ಬ್ರಾಂದಿ ಸೀಸೆ ಹಿಡಿದುಕೊಂಡು ಬಂದರು. ಬಿರಡೆ ತೆಗೆದಿತ್ತು. ಯಾರೂ ವಿವರಿಸಬೇಕಾಗಿರಲಿಲ್ಲ. ದೊಡ್ಡಪ್ಪ ಹಿತ್ತಲಿಗೆ ಓಡಿ ಬಾಯಿ ತೊಳೆದರು, ಮತ್ತೆ ತೊಳೆದರು. ಒಳಗೆ ಬಂದಾಗ ಅವರ ಕೈ ಎದೆಯ ಮೇಲಿನ ಲಿಂಗವನ್ನು ಹಿಡಿದಿತ್ತು.

“ಯಾರ್ಲಾ ಇದ ಮಾಡಿದ್ದು?”

“ಅವಳು,” ಅಂದೆ.

ಬ್ರಾಂದಿಗೆ ಹೆದರಿ ಹಾಗಂದೆ ಅಂತ ನೀವು ಅಂದುಕೊಳ್ಳಬಹುದು. ಇಲ್ಲ. ಕುಡಿದೆ ಅಂದಿದ್ದರೂ ದೊಡ್ಡಪ್ಪ ಬೈದು ಕ್ಷಮಿಸುತ್ತಿದ್ದರು, ಗಂಡಸಲ್ಲವೇ. ನಾನು ಹೆದರಿದ್ದು ಹಿಟ್ಟಿಗೆ. ಗೌಡರ ಮನೆಯ ಹುಡುಗ ಬಂಗಲೆಯ ಬಟ್ಲರನ ಹಾಗೆ ಒಲೆ ಮುಂದೆ ಕೂರುತ್ತಾನೆ ಅಂತ ಊರು ನಗುತ್ತದಲ್ಲ, ಅದಕ್ಕೆ.

ಗೌರಮ್ಮ ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಮಾರನೆಯ ದಿನ ಅವಳನ್ನು ತವರಿಗೆ ಕಳಿಸಬೇಕೆಂದು ದೊಡ್ಡಪ್ಪನ ಅಪ್ಪಣೆಯಾಯಿತು. ಬಸ್ಸಿನ ಹತ್ತಿರ ಬಿಡುವುದಕ್ಕೆ ನಾನೇ ಹೋದೆ. ಹತ್ತುವ ಮುಂಚೆ ಅಂದಳು, “ನಾ ಮಾಡ್ನಿಲ್ಲ ಅಂತ ನಾ ಯೋಳಕಿಲ್ಲ. ನೀವೇ ಯೋಳ್ತೀರಿ ಅಂತ ಕಾಯ್ತೀನಿ.”

ನಾನು ಹೇಳಲಿಲ್ಲ. ಬೇಸಿಗೆಯಲ್ಲಿ ದೊಡ್ಡಪ್ಪನ ಕೋಪ ಇಳಿದ ಮೇಲೆ ಹೋಗಿ ಕರೆದುಕೊಂಡು ಬಂದೆ. ಆದರೆ ಕುಟುಂಬದ ಯಾವ ಮದುವೆ, ಯಾವ ನಾಮಕರಣದಲ್ಲೂ ಅವಳು ಅಡುಗೆಮನೆಗೆ ಕಾಲಿಡುವ ಹಾಗಿರಲಿಲ್ಲ. ಉಳಿದ ಹೆಂಗಸರು ಒಳಗೆ ಒಬ್ಬಟ್ಟು ತಟ್ಟುತ್ತಾ ಮಾತಾಡುತ್ತಿದ್ದರೆ ಇವಳು ಜಗುಲಿಯ ಮೇಲೆ ಒಬ್ಬಳೇ ವೀಳ್ಯದೆಲೆ ಒರೆಸುತ್ತಿದ್ದಳು. ‘ಬ್ರಾಂದಿ ಗೌರಮ್ಮ’ ಅಂತ ಹೆಸರಾಯಿತು. ದೊಡ್ಡಪ್ಪ ತೀರಿಕೊಂಡರು, ದೊಡ್ಡವ್ವನೂ ಹೋದರು. ಹೆಸರು ಹೋಗಲಿಲ್ಲ.

ಮೊನ್ನೆ ದೊಡ್ಡಪ್ಪನ ಮೊಮ್ಮಗನ ಮನೆಯ ಗೃಹಪ್ರವೇಶದಲ್ಲಿ ಹೊಸದಾಗಿ ಬಂದ ಸೊಸೆಯೊಬ್ಬಳು, “ಬನ್ನಿ ಬ್ರಾಂದಿ ಅಜ್ಜಿ,” ಅಂದಳು. ಪಾಪ, ಪ್ರೀತಿಯಿಂದಲೇ. ಗೌರಮ್ಮ ನಕ್ಕಳು. ಆ ನಗು ನನ್ನಿಂದ ನೋಡಲಾಗಲಿಲ್ಲ. ಊಟದ ಪಂಕ್ತಿಯಲ್ಲಿ ಎದ್ದು ನಿಂತು ಎಲ್ಲವನ್ನೂ ಹೇಳಿದೆ.

ಎಲ್ಲರೂ ನಕ್ಕರು. “ತಾತ ಈ ವಯಸ್ನಲ್ಲೂ ಎಂಡ್ತೀನ ಬುಟ್ಕೊಡಕಿಲ್ಲ ನೋಡ್ಲಾ,” ಅಂದ ಒಬ್ಬ. ಸುಳ್ಳು ಹೇಳಿದ ದಿನ ತಕ್ಷಣ ನಂಬಿದ್ದ ಮನೆ, ನಿಜವನ್ನು ತಮಾಷೆ ಅಂದುಕೊಂಡಿತು.

ವಾಪಸು ಬರುವಾಗ ಗೌರಮ್ಮ ಅಂದಳು, “ಕೇಳ್ಬೇಕಾದೋರು ಯಾರೂ ಇಲ್ವಲ್ಲ ಈಗ.”

ಇಲ್ಲ. ಆದರೆ ಪಂಕ್ತಿಯಲ್ಲಿ ನಕ್ಕವರಿದ್ದೀರಲ್ಲ, ನಿಮಗೆ ಹೇಳುತ್ತಿದ್ದೇನೆ. ಬರುವ ಭಾನುವಾರ ನಮ್ಮ ಮನೆಗೆ ಬನ್ನಿ. ಬೀದಿ ಬಾಗಿಲು ತೆರೆದೇ ಇರುತ್ತದೆ. ಪಂಚೆ ಎತ್ತಿ ಕಟ್ಟಿ, ಒಲೆ ಮುಂದೆ ಕೂತು, ನಿಮ್ಮ ಕಣ್ಣೆದುರೇ ಹಿಟ್ಟು ಕಲಸುತ್ತೇನೆ. ಬ್ರಾಂದಿಯನ್ನೂ ಹಾಕುತ್ತೇನೆ. ಬೇಡದವರು ತಿನ್ನಬೇಡಿ. ಬಟ್ಲರ್ ಅನ್ನುವವರು ಧಾರಾಳವಾಗಿ ಅನ್ನಿ. ಕೈ ಯಾರದು ಅನ್ನುವುದನ್ನು ಮಾತ್ರ ನೋಡಿಕೊಂಡು ಹೋಗಿ.

ಗೌರಮ್ಮ ಅವತ್ತು ಪಕ್ಕದ ಮನೆಗೆ ಹೋಗಿ ಕೂರುತ್ತಾಳಂತೆ. ಹೋಗಲಿ. ಅವಳು ಹೊಸದಾಗಿ ನೋಡಬೇಕಾದದ್ದು ಏನೂ ಇಲ್ಲ.